ಅಡ್ವಾನ್ಸ್ ಕೊಡುವ ಮುನ್ನ



ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿ ಇಳಿದು ತಿರುಪ್ಪೂರಿನ ಬನಿಯನ್ ಕಂಪನಿ ಕೆಲಸಕ್ಕೆ ಹೊರಟಿದ್ದೀರಾ? ಅಲ್ಲಿ ಬಾಡಿಗೆಗೆ ‘ವಾಡಗೈ’ ಅಂತಾರೆ. ಫೋನಿನಲ್ಲಿ ಮನೆ ಫೋಟೋ ತೋರಿಸಿ, “ಈಗಲೇ ಅಡ್ವಾನ್ಸ್ ಹಾಕಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ” ಅಂದರೆ ಹಾಕಬೇಡಿ. ಮೊದಲು ಒಬ್ಬರು ಹೋಗಿ ಮನೆ ನೋಡಿ. ಓನರ್ ಯಾರು ಅಂತ ಪಕ್ಕದ ಮನೆಯವರನ್ನು ಕೇಳಿ.

ತಮಿಳುನಾಡಿನಲ್ಲಿ 2019ರಲ್ಲಿ ಜಾರಿಗೆ ಬಂದ ಕಾಯಿದೆಯಂತೆ ಬಾಡಿಗೆ ಕರಾರು ಬರವಣಿಗೆಯಲ್ಲೇ ಆಗಬೇಕು. ಪತ್ರ ತಮಿಳಿನಲ್ಲಿರಬಹುದು. ಆದರೆ 1, 2, 3 ನೀವು ಕಲಿತ ಅಂಕಿಗಳೇ! ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ತಾರೀಖು ಯಾವುದು, ನೀವೇ ನೋಡಿ. ಉಳಿದದ್ದನ್ನು ತಮಿಳು ಬಲ್ಲ ನಂಬಿಕಸ್ಥರಿಂದ ಓದಿಸಿ, ಆಮೇಲೆ ಸಹಿ ಹಾಕಿ. ಕೊಟ್ಟ ಹಣಕ್ಕೆ ರಸೀದಿ ಕೇಳಿ.

ಫೋನಿನಲ್ಲಿ ಹಣ ಕಳಿಸಿ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.