ಸಂಮೋಹನ ವಿದ್ಯೆ: ಆಟವೂ ಉಪಯೋಗವೂ

ಪುರಭವನದಲ್ಲೋ ವಸ್ತುಪ್ರದರ್ಶನದ ಬಯಲಿನಲ್ಲೋ ಸಂಮೋಹನದ ಆಟವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಆಟಗಾರ ಮೊದಲು ಸಭಿಕರೆಲ್ಲರಿಗೂ ಕೈಬೆರಳುಗಳನ್ನು ಹೆಣೆದು ಬಿಗಿಯಾಗಿ ಹಿಡಿಯಲು ಹೇಳುತ್ತಾನೆ. “ಬೆರಳುಗಳು ಅಂಟಿಕೊಂಡಿವೆ, ಇನ್ನು ಬಿಡಿಸಲಾರಿರಿ” ಎನ್ನುತ್ತಾನೆ. ಬಹುಮಂದಿ ನಗುತ್ತ ಬಿಡಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಆಗುವುದಿಲ್ಲ. ಆತ ವೇದಿಕೆಗೆ ಕರೆಯುವುದು ಆ ಕೆಲವರನ್ನೇ. ಸ್ವಲ್ಪ ಹೊತ್ತಿಗೆ, ಸದಾ ಗಂಭೀರವಾಗಿರುವ ಗುಮಾಸ್ತರೊಬ್ಬರು ಹಸಿ ಆಲೂಗಡ್ಡೆಯನ್ನು ಸೇಬಿನ ಹಣ್ಣೆಂದು ಚಪ್ಪರಿಸುತ್ತಾರೆ. ಸಭೆ ಹೊಟ್ಟೆ ಹುಣ್ಣಾಗುವಂತೆ ನಗುತ್ತದೆ.

ಮನೆಗೆ ಬರುವಾಗ ನಾವು ಏನೆಂದುಕೊಳ್ಳುತ್ತೇವೆ? “ಆತನ ಕಣ್ಣಿನಲ್ಲಿ ಅದೇನು ಶಕ್ತಿಯಪ್ಪಾ!” ಎಂದು. ಈ ನಂಬಿಕೆ ಹಳೆಯದು. ತನ್ನಿಂದ ರೋಗಿಗೆ ಅಯಸ್ಕಾಂತದಂಥ ಒಂದು ಸೂಕ್ಷ್ಮ ದ್ರವ ಹರಿಯುತ್ತದೆ ಎಂದು 18ನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯನು ಸಾರಿದ್ದನು. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಪಂಡಿತರ ಸಮಿತಿ ಇದನ್ನು ಪರೀಕ್ಷಿಸಿತು. ಅಂಥ ದ್ರವವಿರುವುದಕ್ಕೆ ಆಧಾರವಿಲ್ಲ, ಕಂಡದ್ದು ಕಲ್ಪನೆಯ ಪರಿಣಾಮ ಎಂದು ತೀರ್ಮಾನಿಸಿತು.

1841ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಲಫೋಂಟೇನ್ ಎಂಬಾತನ ಪ್ರದರ್ಶನ ನಡೆಯಿತು. ಮೋಸವನ್ನು ಬಯಲಿಗೆಳೆಯಬೇಕೆಂದೇ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯರು ಹೋದರು. ಆದರೆ ಕುಳಿತವನ ರೆಪ್ಪೆಗಳು ನಿಜವಾಗಿಯೂ ತೆರೆಯದಿದ್ದುದನ್ನು ಕಂಡು ಯೋಚನೆಗೆ ಬಿದ್ದರು. ಮನೆಯಲ್ಲಿ ಸ್ನೇಹಿತನೊಬ್ಬನಿಗೆ ಬಾಟಲಿಯ ಕುತ್ತಿಗೆಯನ್ನೂ ಹೆಂಡತಿಗೆ ಸಕ್ಕರೆ ಬಟ್ಟಲಿನ ಚಿತ್ತಾರವನ್ನೂ ಎವೆಯಿಕ್ಕದೆ ನೋಡಲು ಹೇಳಿದರು. ಇಬ್ಬರಿಗೂ ಅದೇ ಸ್ಥಿತಿ ಬಂದಿತು. ಸಕ್ಕರೆ ಬಟ್ಟಲಿಗೆ ಎಲ್ಲಿಯ ಮಾಂತ್ರಿಕ ಶಕ್ತಿ? ಕೆಲಸ ನಡೆದದ್ದು ನೋಡುವವರ ಏಕಾಗ್ರತೆಯಿಂದ. ಆಟದ ಗುಟ್ಟೂ ಇದೇ: ಒಪ್ಪಿ ಕುಳಿತವನ ಮನಸ್ಸು, ಹೇಳಿದ್ದನ್ನು ಚಿತ್ರಿಸಿಕೊಳ್ಳುವ ಅವನ ಸಾಮರ್ಥ್ಯ, ಮತ್ತು ನೂರಾರು ಜನರ ಮುಂದೆ ಆಟ ಕೆಡಿಸಬಾರದೆಂಬ ದಾಕ್ಷಿಣ್ಯ.

ಈ ಸಾಮರ್ಥ್ಯ ನಗಿಸುವುದಕ್ಕೆ ಮಾತ್ರ ಮೀಸಲಲ್ಲ. ಅರಿವಳಿಕೆಯ ಔಷಧಗಳು ಇನ್ನೂ ಬಳಕೆಗೆ ಬಾರದಿದ್ದ 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಎಸ್ಡೇಲ್ ಎಂಬ ವೈದ್ಯರು ಇದೇ ಬಗೆಯ ಸ್ಥಿತಿಯಲ್ಲಿ ರೋಗಿಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಮರುವರ್ಷ ಕಲ್ಕತ್ತೆಯಲ್ಲಿ ಇದಕ್ಕಾಗಿಯೇ ಆಸ್ಪತ್ರೆಯೊಂದು ತೆರೆಯಿತು. ಆದರೆ ಒಬ್ಬ ರೋಗಿಯನ್ನು ಸಿದ್ಧಗೊಳಿಸಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಎಲ್ಲರಿಗೂ ಫಲಿಸುತ್ತಲೂ ಇರಲಿಲ್ಲ. ಈಥರ್, ಕ್ಲೋರೋಫಾರಂ ಬಂದ ಮೇಲೆ ಇದು ಹಿಂದೆ ಸರಿಯಿತು.

ಹಿಂದೆ ಸರಿಯಿತೇ ಹೊರತು ಅಳಿಯಲಿಲ್ಲ. ಅದೇ ಮ್ಯಾಂಚೆಸ್ಟರಿನ ವೈದ್ಯರು, ಯಾವ ಔಷಧಕ್ಕೂ ಜಗ್ಗದ ಕರುಳಿನ ತೊಂದರೆಯಿಂದ ನರಳುತ್ತಿದ್ದ 30 ಮಂದಿಯ ಮೇಲೆ ಪರೀಕ್ಷೆ ನಡೆಸಿ 1984ರಲ್ಲಿ ಪ್ರಕಟಿಸಿದರು. ಸಂಮೋಹನ ಪಡೆದವರ ಹೊಟ್ಟೆನೋವು, ಉಬ್ಬರ ಇತರರಿಗಿಂತ ಬಹಳ ಕಡಿಮೆಯಾಗಿದ್ದವು. ಹಲ್ಲಿನ ಚಿಕಿತ್ಸೆಯ ಭಯಕ್ಕೂ, ದೀರ್ಘಕಾಲದ ನೋವಿಗೂ ಬಲ್ಲವರು ಇದನ್ನು ಬಳಸುತ್ತಾರೆ.

ಹಾಗೆಂದು ಆಟಗಾರನ ಬಳಿಗೆ ರೋಗ ಹೊತ್ತು ಹೋಗಬೇಡಿ. ನೋವು ಮನೆಯ ಕಾವಲುಗಾರನಿದ್ದಂತೆ. ಕಳ್ಳ ಯಾರೆಂದು ತಿಳಿಯುವ ಮೊದಲೇ ಅವನ ಬಾಯಿ ಕಟ್ಟಬಾರದು. ಅಪೆಂಡಿಸೈಟಿಸಿನ ನೋವನ್ನು ಮಾತಿನಿಂದ ಮರೆಸಿದರೆ ಪ್ರಾಣಕ್ಕೇ ಅಪಾಯ. ಮೊದಲು ವೈದ್ಯರು ಕಾರಣ ಹುಡುಕಲಿ. ಸಂಮೋಹನ ಬೇಕೆಂದು ಕಂಡರೆ ಅದರಲ್ಲಿ ತರಬೇತಾದವರೇ ಮಾಡಲಿ. ಕಳೆದುಹೋದ ಒಡವೆ ಯಾರು ಕದ್ದರೆಂದು ಸಂಮೋಹನದಿಂದ ಕೇಳಿಸುವುದೂ ಬೇಡ. ಆ ಸ್ಥಿತಿಯಲ್ಲಿ ಕಲ್ಪನೆಯೇ ನೆನಪಿನ ವೇಷ ತೊಟ್ಟು ಬರುತ್ತದೆ. ನಿರಪರಾಧಿಯ ಹೆಸರು ಹೊರಬೀಳಬಹುದು.

ಮುಂದಿನ ಸಲ ಆಟಕ್ಕೆ ಹೋದಾಗ ಮನಸಾರೆ ನಕ್ಕುಬನ್ನಿ. ಆದರೆ ವೇದಿಕೆಯ ಮೇಲಿನ ನಿಜವಾದ ಸೋಜಿಗ ನಿಂತು ಮಾತನಾಡುವವನಲ್ಲಿ ಅಲ್ಲ, ಕುಳಿತು ಕೇಳುವವನಲ್ಲಿದೆ ಎಂಬುದು ನೆನಪಿರಲಿ.