ಯಯಾತಿಗಿದ್ದ ಅನುಕೂಲ

ಯಯಾತಿಯ ಕಥೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಶುಕ್ರಾಚಾರ್ಯರ ಶಾಪದಿಂದ ಅವನಿಗೆ ಮುಪ್ಪು ಒಂದೇ ಗಳಿಗೆಯಲ್ಲಿ ಬಂತು. ಬಂದದ್ದು ಅವನಿಗೂ ತಿಳಿಯಿತು, ಲೋಕಕ್ಕೂ ತಿಳಿಯಿತು. ನಮಗೆ ಆ ಅನುಕೂಲವಿಲ್ಲ.

ನಿವೃತ್ತನಾದ ಮೂರನೆಯ ವರ್ಷ ನನಗೆ ಓದಿನಲ್ಲಿ ಮನಸ್ಸು ನಿಲ್ಲದಾಯಿತು. ಊಟವಾದೊಡನೆ ತೂಕಡಿಕೆ, ಸಣ್ಣ ಮಾತಿಗೂ ಸಿಡುಕು. ಹೆಂಡತಿಯ ಸಾಮೀಪ್ಯದ ಆಸೆ ಎಂದು ಆರಿತೆಂಬುದೇ ಗೊತ್ತಾಗಲಿಲ್ಲ. ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ರಾತ್ರಿ ಓದುವುದಿದೆಯೆಂದು ನೆಪ ಹೇಳಿ ಹಾಸಿಗೆಯನ್ನು ಪುಸ್ತಕದ ಕೋಣೆಗೆ ಸಾಗಿಸಿದೆ. ಓದುತ್ತಿಲ್ಲವೆಂಬುದು ಆಕೆಗೆ ತಿಳಿದಿತ್ತು. ಪುಟದ ಗುರುತು ಮುಂದೆ ಸರಿಯುತ್ತಿರಲಿಲ್ಲ.

ವೈದ್ಯಮಿತ್ರರೊಬ್ಬರು ಟೆಸ್ಟೋಸ್ಟೆರಾನ್ ಎಂಬ ಹೆಸರನ್ನೆತ್ತಿದರು. ಬಹುಮಟ್ಟಿಗೆ ವೃಷಣಗಳಲ್ಲಿ ಹುಟ್ಟುವ ಈ ಹಾರ್ಮೋನನ್ನು ಬೇರ್ಪಡಿಸಿದ್ದು 1935ರಲ್ಲಿ. ಅದಕ್ಕೂ ಹಿಂದೆ, 1889ರಲ್ಲಿ, ಬ್ರೌನ್-ಸೆಕಾರ್ ಎಂಬ 72 ವರ್ಷದ ವಿಜ್ಞಾನಿ ನಾಯಿ, ಗಿನಿಹಂದಿಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು, ಬಲ ಮರಳಿತೆಂದು ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಸಾರಿದನು. ಮಗನನ್ನು ಬೇಡದೆ ನಾಯಿಯನ್ನು ಬೇಡಿದ ಯಯಾತಿ! ಆ ರಸದಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆಯಂತೆ. ಮರಳಿದ್ದು ನಂಬಿಕೆಯ ಬಲ. ಅವನನ್ನು ಕಂಡು ನಗಲು ಮಾತ್ರ ನನಗೆ ಮನಸ್ಸಾಗದು.

ನಡುವಯಸ್ಸಿನಿಂದ ಇದು ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಇಳಿಯುವುದು ಸಹಜ, ಅಷ್ಟಕ್ಕೇ ರೋಗವೆನ್ನಲಾಗದು. ಆಸೆ ಕುಂದುವುದು, ಮುಂಜಾವಿನ ಉದ್ರೇಕ ನಿಲ್ಲುವುದು, ಸ್ನಾಯು ಸೊರಗುವುದು, ಮೂಳೆಯ ಗಟ್ಟಿತನ ಕಳೆಯುವುದು, ಇಂಥ ಲಕ್ಷಣಗಳೊಡನೆ ರಕ್ತದಲ್ಲಿಯೂ ಕೊರತೆ ಕಾಣಬೇಕು. ಅದೂ ಬೆಳಗಿನ ರಕ್ತದಲ್ಲಿ, ಬೇರೆ ಬೇರೆ ದಿನ ಎರಡು ಬಾರಿ. ಹೊತ್ತೇರಿದಂತೆ ಅದರ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು, ಮನಸ್ಸಿನ ಖಿನ್ನತೆಗಳೂ ಇದೇ ವೇಷ ತೊಟ್ಟು ಬರುವುದುಂಟು.

ನಾನು ಮೊದಲು ರಕ್ತ ಕೊಟ್ಟದ್ದು ಮಧ್ಯಾಹ್ನ, ಉಂಡ ಮೇಲೆ. ಕೊರತೆ ಕಂಡಿತು. ನಾಲ್ಕು ದಿನ ಚುಚ್ಚುಮದ್ದಿನ ಕನಸಿನಲ್ಲಿದ್ದೆ. ನಿಜವಾಗಿ ಕೊರತೆಯುಳ್ಳವರಿಗೆ ಅದು ನೆರವಾಗುತ್ತದೆ. ಆದರೆ ರಕ್ತ ಮಂದವಾಗದಂತೆ ವೈದ್ಯರು ಆಗಾಗ ನೋಡುತ್ತಿರಬೇಕು, ಪ್ರಾಸ್ಟೇಟ್ ಗ್ರಂಥಿಯ ಮೇಲೂ ಕಣ್ಣಿಟ್ಟಿರಬೇಕು. ನನ್ನ ಎರಡು ಬೆಳಗಿನ ಪರೀಕ್ಷೆಗಳಲ್ಲಿ ಹಾರ್ಮೋನು ಸರಿಯಾಗಿಯೇ ಇತ್ತು. ಏರಿದ್ದುದು ಸಕ್ಕರೆ.

ನಿರಾಶೆಯಾಯಿತೆಂದರೆ ನೀವು ನಗಬಹುದು. ಆ ಕೊರತೆಯದೇ ಹೆಸರು ಹೇಳಿ ಮನೆಯಲ್ಲಿ ಮಾತು ತೆಗೆಯೋಣವೆಂದಿದ್ದೆ. ಕಡೆಗೆ ವರದಿಯ ಕಾಗದಗಳನ್ನೇ ಅಡಿಗೆಮನೆಗೆ ಒಯ್ದು ಆಕೆಯ ಕೈಗಿತ್ತೆ. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, “ಇಷ್ಟಕ್ಕೇನ್ರೀ ಆ ಕೋಣೆ ಸೇರಿದ್ದು?” ಎಂದಳು. ಅಂದಿನ ಕಾಫಿಗೆ ಸಕ್ಕರೆ ಇರಲಿಲ್ಲ.