ಡಂಬಳದ ಕೋಟೆ, ಮಾವನ ಕಾಗದ



ಗದಗ ದಾಟಿ ಮುಂಡರಗಿ ದಾರಿ ಹಿಡಿದರೆ ಡಂಬಳ. ದೊಡ್ಡಬಸಪ್ಪನ ಗುಡಿ ನೋಡಲು, ಇವತ್ತು ಪದವಿ ಪಡೆಯಲು ಬಂದಿರುವ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. 1800ರ ಜುಲೈ 26ರಂದು ಆ ಊರಿನ ಕೋಟೆಗೆ ಏಣಿ ಹಚ್ಚಿ ಬ್ರಿಟಿಷರ ಒಂದು ದಂಡು ಒಳಗೆ ಇಳಿಯಿತು. ದಂಡಿನ ಮುಖ್ಯಸ್ಥನಿಗೆ ಆಗ 31 ವರ್ಷ. ಹೆಸರು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ಅವನು ಆಗ ಬೆನ್ನಟ್ಟಿದ್ದು ಚನ್ನಗಿರಿಯ ಧೋಂಡಿಯ ವಾಘನನ್ನು.

ಧೋಂಡಿಯ ನಮ್ಮ ಭಾಗಕ್ಕೆ ಹೊಸಬನಲ್ಲ. 1792ರ ಯುದ್ಧದ ನಂತರ ಟಿಪ್ಪುವಿನ ಸೈನ್ಯ ಬಿಟ್ಟು ಬಂದು ಲಕ್ಷ್ಮೇಶ್ವರದಲ್ಲಿ ನೆಲೆ ಹುಡುಕಿದ್ದ. ಆಮೇಲೆ ಟಿಪ್ಪುವಿನ ಸೆರೆಮನೆ ಕಂಡ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆಯಾದ. ಕೆಲಸ ಕಳೆದುಕೊಂಡ ಸಾವಿರಾರು ಸಿಪಾಯಿಗಳು ಅವನ ಹಿಂದೆ ಬಂದರು. ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡ. 1800ರ ಜೂನ್ ಕೊನೆಯಲ್ಲಿ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನು ಕಿತ್ತೂರಿನ ಆಚೆಯ ಕಾಡಿನ ದಾರಿಯಲ್ಲಿ ಕೊಂದ. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳೀತು. ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ತಿಂಗಳುಗಳಲ್ಲಿ ವೆಲ್ಲೆಸ್ಲಿ ಡೇರೆಯಲ್ಲಿ ಕುಳಿತು ಬರೆದ ಪತ್ರಗಳ ಮಾತು.

ಕೆಲವು ಪತ್ರಗಳು ಮೇಲಧಿಕಾರಿಗಳಿಗೆ. ಹಲವು, ಆಗ ಕನ್ನಡ ಕರಾವಳಿಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋನಿಗೆ. ಯುದ್ಧದ ಪತ್ರವೆಂದರೆ ಕತ್ತಿ ಝಳಪಿಸುತ್ತದೆ ಎಂದು ನಾನು ಓದಲು ಕುಳಿತೆ. ಪುಟದಿಂದ ಪುಟಕ್ಕೆ ಸಿಕ್ಕಿದ್ದು ಅಕ್ಕಿ, ಎತ್ತು ಮತ್ತು ಹೊಳೆ. ಅಕ್ಕಿ ಎಷ್ಟು ದಿನಕ್ಕೆ ಸಾಕು, ಎತ್ತು ಎಷ್ಟು ಸತ್ತವು, ತುಂಗಭದ್ರೆ ತುಂಬಿದರೆ ಹರಿಹರದ ಆಚೆ ಇರುವ ಧಾನ್ಯ ಈಚೆ ಹೇಗೆ ಬರಬೇಕು. ಮುಂಗಾರಿನಲ್ಲಿ ನಮ್ಮ ಎರಿಹೊಲದಲ್ಲಿ ಬರಿಗಾಲಿನ ಮನುಷ್ಯನೇ ಹೆಜ್ಜೆ ಕೀಳಲಾರ. ಅಂಥ ನೆಲದಲ್ಲಿ ತೋಪಿನ ಗಾಡಿ ಎಳೆದ ಎತ್ತು ಯಾರವು? ಯಾವ ಹಟ್ಟಿಯಿಂದ ಹೊಡೆದುಕೊಂಡು ಬಂದವು? ಆ ವರ್ಷ ಆ ಮನೆಯವರು ಬಿತ್ತಿಗೆಗೆ ಏನು ಹೂಡಿದರು? ಇದನ್ನು ವೆಲ್ಲೆಸ್ಲಿ ಬರೆಯಲಿಲ್ಲ. ಆದರೆ ಅವನ ಒಂದೊಂದು ಲೆಕ್ಕದ ಹಿಂದೆಯೂ ಈ ಪ್ರಶ್ನೆ ನಿಂತಿದೆ.

ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ‘ಬ್ರಿಂಜಾರಿ’. ನಾನು ಮೊದಲ ಸಲ ಓದಿದಾಗ ಯಾವುದೋ ಪಡೆಯ ಹೆಸರೆಂದು ಭಾವಿಸಿದ್ದೆ. ಅದು ನಮ್ಮ ಲಂಬಾಣಿಗರು. ಎತ್ತಿನ ಬೆನ್ನಿಗೆ ಧಾನ್ಯ ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ದಂಡಿನ ಹಿಂದೆ ನಡೆದವರು. ಅವರು ಸಂಬಳದ ಆಳುಗಳಲ್ಲ, ಸ್ವಂತ ವ್ಯಾಪಾರದವರು. ಅವರು ಬಂದರೆ ದಂಡು ಮುಂದೆ ಹೋಗುತ್ತದೆ, ಬಾರದಿದ್ದರೆ ನಿಲ್ಲುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಿಂದ ಬಂದು ಇವತ್ತು ಪದವಿ ಪಡೆಯುತ್ತಿರುವ ಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ಆ ಪತ್ರಗಳಲ್ಲಿ ನಿಮ್ಮ ಹಿರಿಯರಿದ್ದಾರೆ. ಹೆಸರಿಲ್ಲದೆ ಇದ್ದಾರೆ, ಗುಂಪಾಗಿ ಇದ್ದಾರೆ, ಬರೆದವನಿಗೆ ಬೇಕಾದಷ್ಟು ಮಾತ್ರ ಇದ್ದಾರೆ. ಆದರೂ ಇದ್ದಾರೆ. ಅವರನ್ನು ಅಲ್ಲಿಂದ ಎತ್ತಿ ಹೊರಗೆ ತರಬಲ್ಲ ಓದು ನಿಮ್ಮದಾಗಬೇಕೆಂದು ನನ್ನ ಆಸೆ. ತಾಂಡಾದ ಅಜ್ಜಿಯ ಹಾಡು ಕಿವಿಯಲ್ಲಿ, ಈ ಪತ್ರ ಕೈಯಲ್ಲಿ ಇಟ್ಟುಕೊಂಡು ಓದಬಲ್ಲವರು ನೀವು. ಲಂಡನ್ನಿನಲ್ಲಿ ಕುಳಿತ ವಿದ್ವಾಂಸನಿಗೆ ಆ ಕಿವಿ ಇಲ್ಲ.

ಡಂಬಳದಿಂದ ದಂಡು ಗದಗಿಗೆ ಬಂದಾಗ ಧೋಂಡಿಯನ ಜನ ಊರು ಬಿಟ್ಟಿದ್ದರು. ಜುಲೈ 30ರಂದು ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಅವನ ಬಿಡಾರದ ಮೇಲೆ ದಾಳಿ ಬಿತ್ತು. ತುಂಬಿದ ಹೊಳೆಗೆ ಹಾರಿ ಬಹಳ ಜನ ಮುಳುಗಿದರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯಲ್ಲಿ ಧೋಂಡಿಯ ಸತ್ತ. ಅವನ ಸಾಮಾನುಗಳ ನಡುವೆ ನಾಲ್ಕು ವರ್ಷದ ಅವನ ಮಗ ಸಿಕ್ಕ, ಸಲಾಬತ್ ಖಾನ್. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ಕರೆತಂದು ಸಾಕಿದ, ಹಿಂದೂಸ್ತಾನ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಇಲ್ಲಿ ನಾನು ಬಹಳ ಹೊತ್ತು ನಿಂತಿದ್ದೇನೆ. ತಂದೆಯನ್ನು ಬೇಟೆಯಾಡಿದವನೇ ಮಗನನ್ನು ಸಾಕಿದ. ಅವನ ಪತ್ರಗಳಲ್ಲಿ ಧೋಂಡಿಯನ ಬಗ್ಗೆ ಇರುವ ಗೇಲಿಯನ್ನೂ ಓದಿದ್ದೇನೆ. ಎರಡೂ ಒಂದೇ ಕೈಯ ಕೆಲಸ. ಮಗುವನ್ನು ಸಾಕಿದ್ದಕ್ಕೆ ದಂಡಯಾತ್ರೆಯನ್ನು ಕ್ಷಮಿಸಬೇಕಿಲ್ಲ, ದಂಡಯಾತ್ರೆ ಮಾಡಿದ್ದಕ್ಕೆ ಆ ಮಮತೆಯನ್ನು ಸುಳ್ಳೆನ್ನಬೇಕಿಲ್ಲ. ತೀರ್ಪು ಕೊಡುವ ಅವಸರವನ್ನು ಖಾಸಗಿ ಪತ್ರ ತಡೆಯುತ್ತದೆ. ಅದಕ್ಕೇ ನನಗೆ ಅದು ರಾಜರ ಶಾಸನಕ್ಕಿಂತ ಹೆಚ್ಚು ಬೇಕಾದದ್ದು. ನಮ್ಮ ಊರೂರಿನ ವೀರಗಲ್ಲುಗಳನ್ನೇ ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಸತ್ತವನು ಹೇಗೆ ಸತ್ತನೆಂದು ಕಲ್ಲು ಹೇಳುತ್ತದೆ. ಹಿಂದಿನ ರಾತ್ರಿ ಅವನಿಗೆ ಯಾರ ನೆನಪಾಯಿತು ಎಂದು ಹೇಳುವುದಿಲ್ಲ.

ಡಂಬಳದ ಮಾತು ಅಲ್ಲಿಗೆ ಮುಗಿಯಲಿಲ್ಲ. 1818ರ ಜನವರಿಯಲ್ಲಿ ಇದೇ ಗದಗ, ಇದೇ ಡಂಬಳಕ್ಕೆ ಮನ್ರೋ ತಾನೇ ಪಡೆ ತಂದ. 1858ರ ಮೇ ತಿಂಗಳಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಮುಂಡರಗಿ ಭೀಮರಾಯ ಡಂಬಳದ ಖಜಾನೆಗೆ ಕೈಹಾಕಿ ಕೊಪ್ಪಳದ ಕೋಟೆ ಹಿಡಿದ. ಜೂನ್ 1ರಂದು ಆ ಕೋಟೆ ಬಿತ್ತು, ಭೀಮರಾಯನೂ ಹಮ್ಮಿಗಿ ಕೆಂಚನಗೌಡನೂ ಅಲ್ಲೇ ಮಡಿದರು. ಜೂನ್ 12ರಂದು, ಅವರಂತೆಯೇ ದಂಗೆಯೆದ್ದ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ 1858ರಲ್ಲಿ ಲಂಡನ್ನಿನಲ್ಲಿ ವೆಲ್ಲಿಂಗ್ಟನ್ನನ ಮಗ ತಂದೆಯ ಹಿಂದೂಸ್ತಾನದ ಪತ್ರಗಳ ಹೊಸ ಸಂಪುಟಗಳನ್ನು ಅಚ್ಚಿಗೆ ಕೊಡುತ್ತಿದ್ದ. ಅಲ್ಲಿ ಕಾಗದ ಪುಸ್ತಕವಾಯಿತು. ಇಲ್ಲಿ ಉಳಿದದ್ದು ಲಾವಣಿ. ಆ ಕಾಲದಲ್ಲೇ ದಂಗೆಯೆದ್ದ ಹಲಗಲಿಯ ಬೇಡರ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಬರೆದುಕೊಂಡು 1885ರಲ್ಲಿ ಪ್ರಕಟಿಸದಿದ್ದರೆ ಅದೂ ಹಾಡಿದವರ ಗಂಟಲಿನಲ್ಲೇ ಎಷ್ಟು ದಿನ ಇರುತ್ತಿತ್ತೋ.

ಓದುಬರಹ ಬಾರದ ಸಿಪಾಯಿಯೂ ಪತ್ರ ಬರೆಸಿದ್ದುಂಟು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ದೇಶದ ಸೈನಿಕರು ಪಕ್ಕದವನಿಂದ ಬರೆಸಿ ಊರಿಗೆ ಕಳಿಸುತ್ತಿದ್ದರು. ಸರ್ಕಾರ ಆ ಪತ್ರಗಳನ್ನು ಒಡೆದು ಓದಿ, ಕೆಲವು ಭಾಗ ಅನುವಾದಿಸಿ ಇಟ್ಟುಕೊಂಡಿತು. ಕಾವಲಿಗೆ ಕುಳಿತವನ ಕಡತದಿಂದಲೇ ಇವತ್ತು ಅವರ ದನಿ ಕೇಳುತ್ತಿದೆ. ಕರಿಮೆಣಸು ಖಾಲಿಯಾಗಿದೆ, ಈಗ ಕೆಂಪುಮೆಣಸು ಬಳಸುತ್ತಿದ್ದಾರೆ ಎಂಬರ್ಥದ ಮಾತು ಅಂಥ ಪತ್ರಗಳಲ್ಲಿದೆ. ಕರಿಮೆಣಸೆಂದರೆ ನಮ್ಮವರು, ಕೆಂಪುಮೆಣಸೆಂದರೆ ಬಿಳಿಯರು. ಅದೇ ಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸೆರೆಸಿಕ್ಕ ಬಂಗಾಳದ ಶಿಶಿರ ಸರ್ವಾಧಿಕಾರಿ ತನ್ನ ದಿನಚರಿಯನ್ನು ಹರಿದು, ಚೂರುಗಳನ್ನು ಬೂಟಿನೊಳಗೆ ಬಚ್ಚಿಟ್ಟು ನಡೆದ. ಅದು ಪುಸ್ತಕವಾಗಿ ಬಂದದ್ದು 1957ರಲ್ಲಿ.

ಇನ್ನು ನಮ್ಮ ಮನೆಯ ಮಾತು. ನನ್ನ ಸೋದರಮಾವ ಸೈನ್ಯದಲ್ಲಿದ್ದರು. ಅವರ ಇನ್‌ಲ್ಯಾಂಡ್ ಕಾಗದದ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ, ‘56 ಎ.ಪಿ.ಓ.’ ಎಂದಷ್ಟೇ. ಅಜ್ಜಿಗೆ ಓದು ಬರುತ್ತಿರಲಿಲ್ಲ, ನಾನು ಕಟ್ಟೆಯ ಮೇಲೆ ಕುಳಿತು ಓದಿ ಹೇಳುತ್ತಿದ್ದೆ. ಉಭಯ ಕುಶಲೋಪರಿ ಆದ ಮೇಲೆ ಮಾವ ಕೇಳುತ್ತಿದ್ದುದು ಮಳೆ, ಜೋಳ, ಬಿಳಿ ಎತ್ತಿನ ಕಾಲುನೋವು. ಬಂದೂಕಿನ ಸುದ್ದಿ ಒಮ್ಮೆಯೂ ಬರಲಿಲ್ಲ. ಮುಂದೆ ಹಳೇ ಮನೆ ಕೆಡವುವಾಗ ಆ ಟ್ರಂಕಿನ ಕಾಗದಗಳೆಲ್ಲ ರದ್ದಿಗೆ ಹೋದವು. ನಾನು ಆಗ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದೆ, ಪರೀಕ್ಷೆಗೆ ಪಾಣಿಪತ್ತಿನ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಈ ನೋವು ನನಗೆ ಇವತ್ತಿಗೂ ಇದೆ. ನೀವು ಊರಿಗೆ ಹೋದ ಮೇಲೆ ಅಟ್ಟದ ಮೇಲಿನ ಟ್ರಂಕು ತೆಗೆಯಿರಿ. ಕಾಗದಗಳ ಫೋಟೋ ತೆಗೆದಿಡಿ. ಯಾರು, ಎಲ್ಲಿಂದ, ಯಾವ ವರ್ಷ ಬರೆದದ್ದು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿ ಸಾಲದ ಲೆಕ್ಕ ಬರೆದಿಟ್ಟ ನೆಲ ಇದು. ಬರೆದಿಡುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

1971ರ ಡಿಸೆಂಬರಿನಲ್ಲಿ ಕೆಲವು ವಾರ ಮಾವನ ಕಾಗದ ಬರಲಿಲ್ಲ. ಆಮೇಲೆ ಒಂದು ಬಂತು. ನಡುವೆ ಒಂದು ಸಾಲನ್ನು ಯಾರೋ ದಪ್ಪ ಮಸಿಯಿಂದ ಅಳಿಸಿದ್ದರು. ನಾನು ಓದುತ್ತಾ ಅಲ್ಲಿ ತಡೆದೆ. “ಯಾಕ ನಿಂತಿ ತಮ್ಮಾ? ಅಲ್ಲೇನ್ ಬರದಾನ, ಓದು,” ಎಂದರು ಅಜ್ಜಿ. ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ, ಒಂದಕ್ಷರವೂ ಕಾಣಲಿಲ್ಲ. “ಬಿಳಿಜೋಳ ಹೆಂಗ ಬಂದಾವ ಅಂತ ಕೇಳ್ಯಾನ,” ಎಂದೆ. ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕಾಗದ ಇಸಿದುಕೊಂಡು, ಆ ಮಸಿಯ ಮೇಲೆ ಬೆರಳು ಆಡಿಸಿ, ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ ಇಟ್ಟರು.